ಕಂಟ್ರೋಲರ್ ಶಾಂತರಾಜು ಮೆಚ್ಚಿದ ದನಿ

ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಮೈಕಿನ ಮುಂದೆ ಕೂತಿದ್ದ ಶಾಂತರಾಜು ಅವರಿಗೆ ಎರಡು ಕನ್ನಡ ಬರುತ್ತಿತ್ತು. ಒಂದು ಮನೆಯದು, ಇನ್ನೊಂದು ಮೈಕಿನದು. ಮನೆಯಲ್ಲಿ ‘ಓಗು’, ‘ಬುಡು’, ‘ಎಲ್ಲವ್ನೆ’ ಎಂದು ಊರಿನ ಎಲ್ಲರ ಹಾಗೆಯೇ ಮಾತಾಡುತ್ತಿದ್ದ ಮನುಷ್ಯ, ಮೈಕಿನ ಗುಂಡಿ ಒತ್ತಿದರೆ ಸಾಕು, ಬೆನ್ನು ನೆಟ್ಟಗೆ ಮಾಡಿಕೊಂಡು ಬೇರೆಯೇ ಆಗಿಬಿಡುತ್ತಿದ್ದರು. “ಪ್ರಯಾಣಿಕರ ಗಮನಕ್ಕೆ. ತೆರಕಣಾಂಬಿ ಮಾರ್ಗವಾಗಿ ಚಾಮರಾಜನಗರಕ್ಕೆ ಹೊರಡುವ ವಾಹನವು ಮೂರನೆಯ ಅಂಕಣದಲ್ಲಿ ನಿಂತಿದೆ.” ಹಕಾರ ಒಂದೂ ಬೀಳುತ್ತಿರಲಿಲ್ಲ. ಊಟಿಯ ಬಸ್ಸಾದರೆ ಅದನ್ನೇ ತಮಿಳಿನಲ್ಲಿ, ಸುಲ್ತಾನ್ ಬತ್ತೇರಿಯ ಬಸ್ಸಾದರೆ ಮಲಯಾಳದಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು. ಹುದ್ದೆಯ ಹೆಸರು ಟ್ರಾಫಿಕ್ ಕಂಟ್ರೋಲರ್ ಎಂದಿದ್ದರಿಂದ ಊರು ಅವರನ್ನು ಕಂಟ್ರೋಲರ್ ಎಂದೇ ಕರೆಯುತ್ತಿತ್ತು. ಬಸ್ಸುಗಳು ತಮಗೆ ಬೇಕಾದಾಗ ಬರುತ್ತಿದ್ದವು, ಡ್ರೈವರುಗಳು ತಮ್ಮ ಟೀ ಮುಗಿದಾಗ ಹೊರಡುತ್ತಿದ್ದರು. ಶಾಂತರಾಜು ಅವರ ಕಂಟ್ರೋಲಿನಲ್ಲಿ ಇದ್ದದ್ದು ಮೈಕಿನ ಗುಂಡಿಯೊಂದೇ.

ಅವರು ನಿವೃತ್ತರಾದ ಮರುತಿಂಗಳು ಅವರ ಜಾಗಕ್ಕೆ ರೆಕಾರ್ಡ್ ಮಾಡಿದ ದನಿ ಬಂತು. ಯಾರೂ ಕೂರಬೇಕಾಗಿಲ್ಲ, ಗಡಿಯಾರ ನೋಡಿಕೊಂಡು ತಾನೇ ಹೇಳುತ್ತದೆ. ಶಾಂತರಾಜು ಒಂದು ದಿನ ಛತ್ರಿ ಹಿಡಿದುಕೊಂಡು ಹೋಗಿ, ಕಂಬದ ಪಕ್ಕ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ನಿಂತು, ಅದು ತಪ್ಪು ಮಾಡುವುದನ್ನೇ ಕಾದರು. ಅದು ಒಂದೂ ತಪ್ಪು ಮಾಡಲಿಲ್ಲ. ಕಬ್ಬಹಳ್ಳಿಯನ್ನು ಕಬ್ಬಹಳ್ಳಿ ಎಂದಿತು, ಬೊಮ್ಮಲಾಪುರವನ್ನು ಬೊಮ್ಮಲಾಪುರ ಎಂದಿತು. ಶಾಂತರಾಜು ಅವರಿಗೆ ಸಿಟ್ಟು ಬಂದದ್ದು ಆವಾಗಲೇ.

ಮನೆಗೆ ಬಂದರೆ ಜಗಲಿಯ ಮೇಲೆ ಸ್ನೇಹಿತ ಬೆಟ್ಟಯ್ಯ ಕೂತಿದ್ದ. ಬತ್ತೇರಿ ರೂಟಿನಲ್ಲಿ ಇಪ್ಪತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಡ್ರೈವರ್ ಅವನು. ದಿನಾ ಸಂಜೆ ಕಾಫಿಗೆ ಬರುತ್ತಿದ್ದ.

“ಅದ್ಕೆ ಉಸ್ರೇ ಇಲ್ಲ ಕಣ್ಲಾ ಬೆಟ್ಟಯ್ಯ,” ಅಂದರು ಶಾಂತರಾಜು. “ಉಸುರು ತಕ್ಕಳ್ದೆ ಮಾತಾಡುದ್ರೆ ಅದು ಮಾತಾ?”

“ಬಸ್ ಬತ್ತದಾ ಇಲ್ವಾ ಅಂತ ಏಳುದ್ರಾಯ್ತು ಬುಡ್ಲಾ,” ಅಂದ ಬೆಟ್ಟಯ್ಯ. “ಅದ್ರ ಉಸುರು ಕಟ್ಕಂಡು ಪ್ಯಾಸೆಂಜರ್ ಏನ್ ಮಾಡಾನು?”

ಮೈಕು ಹೋದ ಮೇಲೆ ಮೈಕಿನ ಕನ್ನಡ ಎಲ್ಲಾದರೂ ಹೊರಗೆ ಬರಲೇಬೇಕಲ್ಲ, ಅದು ಮನೆಯೊಳಗೆ ಬಂತು. ಹೆಂಡತಿ ಗಂಗಾಂಬಿಕೆ ನೀರು ಕಾಯಿಸಿದರೆ, “ಸ್ನಾನದ ನೀರು ಸಿದ್ಧವಾಗಿದ್ದು, ಬಚ್ಚಲಿನಲ್ಲಿ ಲಭ್ಯವಿದೆ” ಎಂಬ ಪ್ರಕಟಣೆ ನಡುಮನೆಯಿಂದ ಕೇಳುತ್ತಿತ್ತು. ಸ್ನಾನ ಮಾಡಬೇಕಾದವರು ಅವರೇ. ಹಾಲಿನವನು ಐದು ನಿಮಿಷ ತಡವಾಗಿ ಬಂದರೆ ತಡವಾದ ಕಾರಣವನ್ನು ವಿಚಾರಿಸಿ ಅದನ್ನೂ ಪ್ರಕಟಿಸುತ್ತಿದ್ದರು. ಎರಡು ತಿಂಗಳು ತಡೆದುಕೊಂಡ ಗಂಗಾಂಬಿಕೆ ಚಾಮರಾಜನಗರದಲ್ಲಿದ್ದ ಮಗಳು ಪುಟ್ಟಿಗೆ ಫೋನ್ ಮಾಡಿದರು. “ನಿಮ್ಮಪ್ಪುನ್ನ ಏನಾದ್ರೂ ಮಾಡಿ ಕಣಮ್ಮಿ. ಬಸ್ ಸ್ಟ್ಯಾಂಡಲ್ ಸಂಸಾರ ಮಾಡ್ದಂಗಾಗದೆ ನಂಗೆ.”

ಪುಟ್ಟಿ ತನ್ನ ಗಂಡ ಸುನೀಲ್ ಕುಮಾರನನ್ನು ಕಳಿಸಿದಳು. ಅವನು ಬದನಗುಪ್ಪೆಯ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ಮಷಿನ್ ಆಪರೇಟರ್. ವಾರದ ರಜೆಯ ದಿನ ಬೈಕಿನಲ್ಲಿ ಬಂದು, ಮನೆಗೆ ಇಂಟರ್ನೆಟ್ಟಿನ ತಂತಿ ಎಳೆಸಿ, ತೆಂಗಿನಕಾಯಿ ಗಾತ್ರದ ಒಂದು ಬ್ಲೂಟೂತ್ ಸ್ಪೀಕರನ್ನು ಟಿವಿಯ ಪಕ್ಕ ಇಟ್ಟು, ಮಾವನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ.

“ಮಾವ, ಇದ್ರಲ್ಲಿ ಮೂವತ್ತ್ ಸಾವ್ರ ರೇಡಿಯೋ ಸ್ಟೇಷನ್ ಅವೆ. ಪ್ರಪಂಚದ್ದೆಲ್ಲ. ಯಾವ್ದ್ ಬೇಕೋ ಅದ ಒತ್ತಿ, ಕೇಳ್ಕಂಡ್ ಆರಾಮಾಗಿರಿ.”

“ಮೂವತ್ತ್ ಸಾವ್ರದಲ್ಲಿ ಒಳ್ಳೇವು ಎಷ್ಟವೆ?”

“ಅದ ನೀವೇ ಕೇಳಿ ನೋಡ್ಬೇಕು ಮಾವ.”

ಅಳಿಯ ಹೇಳಿದ್ದು ಮಾತಿಗೆ. ಶಾಂತರಾಜು ಅದನ್ನು ಡ್ಯೂಟಿ ಎಂದುಕೊಂಡರು. ಮಾರನೆಯ ದಿನ ಬೆಳಗ್ಗೆ ಐದೂವರೆಗೆ ಎದ್ದು, ಮುಖ ತೊಳೆದು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಹಳೆಯ ಡೈರಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಸ್ಪೀಕರಿನ ಮುಂದೆ ಕೂತರು. ಸ್ಟೇಷನ್ನಿನ ಹೆಸರು, ದೇಶ, ಮಾತಾಡಿದವರ ದನಿ, ಹತ್ತಕ್ಕೆ ಎಷ್ಟು ಎಂದು ಗೆರೆ ಹಾಕಿ ಬರೆಯತೊಡಗಿದರು. ಲೋಕದ ಜನ ರೇಡಿಯೋ ಹಾಕುವುದು ಹಾಡಿಗಾಗಿ. ಶಾಂತರಾಜು ಅವರಿಗೆ ಹಾಡು ಎನ್ನುವುದು ಎರಡು ಪ್ರಕಟಣೆಗಳ ನಡುವೆ ಬರುವ ಅಡಚಣೆ. ಹಾಡು ಶುರುವಾದರೆ ಸಣ್ಣ ಮಾಡುತ್ತಿದ್ದರು, ಮುಗಿದ ಕೂಡಲೇ ದೊಡ್ಡದು ಮಾಡುತ್ತಿದ್ದರು.

“ಹಾಡ ಸಣ್ಣ ಮಾಡಿ ಮಾತ ದೊಡ್ಡ ಮಾಡೋ ಮನುಷ್ಯನ್ನ ನಾನೆಲ್ಲೂ ಕಾಣ್ನಿಲ್ಲ,” ಎಂದು ಗಂಗಾಂಬಿಕೆ ಅಡುಗೆಮನೆಯಿಂದಲೇ ಅಂದರು. ಆದರೂ ಅವರಿಗೆ ಒಳಗೊಳಗೆ ನೆಮ್ಮದಿಯೇ ಆಗಿತ್ತು. ಸ್ನಾನದ ನೀರಿನ ಪ್ರಕಟಣೆ ನಿಂತಿತ್ತು.

ಗಲ್ಫಿನ ಮಲಯಾಳದ ಸ್ಟೇಷನ್ನಿಗೆ ನಾಲ್ಕು ಅಂಕ ಸಿಕ್ಕಿತು. ನಗು ಹೆಚ್ಚು, ಮಾತು ಕಡಿಮೆ ಎಂದು ಷರಾ ಬರೆದರು. ಕನ್ನಡದ್ದೇ ಎಂದು ಹೇಳಿಕೊಂಡ ಒಂದು ಸ್ಟೇಷನ್ನಿನಲ್ಲಿ ಹುಡುಗನೊಬ್ಬ ‘ಸೋ ಗಾಯ್ಸ್’ ಎನ್ನದೆ ಒಂದು ವಾಕ್ಯವನ್ನೂ ಶುರುಮಾಡುತ್ತಿರಲಿಲ್ಲ. ಅವನಿಗೆ ಎರಡು. ಸಿಂಗಪುರದ ತಮಿಳಿಗೆ ಏಳೂವರೆ. ನಾರ್ವೆ ದೇಶದ ಒಂದು ಸ್ಟೇಷನ್ನಿನಲ್ಲಿ ಮುದುಕನೊಬ್ಬ ದಿನಾ ಸಂಜೆ ಹತ್ತು ನಿಮಿಷ ಏನನ್ನೋ ಓದುತ್ತಿದ್ದ. ಅವನ ಮಾತು ಒಂದಕ್ಷರ ತಿಳಿಯದಿದ್ದರೂ ಅವನಿಗೆ ಒಂಬತ್ತು ಕೊಟ್ಟರು.

“ಏನ್ಲಾ ಏಳ್ತಾವ್ನೆ ಅಂವ?” ಎಂದು ಬೆಟ್ಟಯ್ಯ ಕೇಳಿದ.

“ಗೊತ್ತಿಲ್ಲ ಕಣ್ಲಾ. ಆದ್ರೆ ಏನೋ ಒಂದು ಸರ್ಯಾದ್ ಟೈಮ್ಗೆ ಒಂಟದೆ. ಆ ನಿಲ್ಸಾದು ನೋಡು. ಒಂದೊಂದ್ ಎಸ್ರಾದ್ಮೇಲೂ ಜನ ಗಂಟುಮೂಟೆ ಎತ್ಕಳೋಕೆ ಟೈಮ್ ಕೊಡ್ತಾನೆ.”

ಬೆಟ್ಟಯ್ಯ ಎರಡು ನಿಮಿಷ ಕೇಳಿ, ಕಾಫಿ ಕುಡಿದು, ಅವನು ಹೇಳುತ್ತಿರುವುದು ಮೀನಿನ ರೇಟು ಎಂದು ತೀರ್ಪು ಕೊಟ್ಟು ಹೋದ.

ಹೀಗೆ ಮೂರು ತಿಂಗಳು ಪ್ರಪಂಚ ಸುತ್ತಿದ ಮೇಲೆ, ಜೂನ್ ತಿಂಗಳ ಒಂದು ಬೆಳಗ್ಗೆ ಶಾಂತರಾಜು ಅವರ ಬೆರಳಿಗೆ ‘ತಂಬೆಲರು ರೇಡಿಯೋ’ ಸಿಕ್ಕಿತು. ಹೆಣ್ಣು ದನಿಯೊಂದು ಹವಾಮಾನ ಹೇಳುತ್ತಿತ್ತು. “ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಮುತ್ತ ಇಂದು ಮಂಜು ಕವಿದಿರುತ್ತದೆ.” ಶಾಂತರಾಜು ಪೆನ್ನು ಕೆಳಗಿಟ್ಟರು. ಊರಲ್ಲಿ ಎಲ್ಲರೂ ಗೋಪಾಲಸಾಮಿ ಬೆಟ್ಟ ಎನ್ನುವವರೇ. ಓದಿಕೊಂಡವರು ಹಿಮವತ್ತು ಎನ್ನುತ್ತಾರೆ, ಇಲ್ಲವೇ ಹಿಮದ ಎಂದು ಮುಗಿಸಿಬಿಡುತ್ತಾರೆ. ಆ ಅರ್ಧ ದಕಾರವನ್ನು ಅಷ್ಟು ಮೃದುವಾಗಿ ಮುಟ್ಟಿ ಮುಂದೆ ಹೋದವರನ್ನು ಅವರು ಜೀವಮಾನದಲ್ಲಿ ಒಬ್ಬರನ್ನೇ ಕಂಡಿದ್ದರು, ಅದು ಅವರೇ.

“ಗಂಗೂ, ಇಲ್ ಬಾ! ಕೇಳಿಲ್ಲಿ!”

ಗಂಗಾಂಬಿಕೆ ಕೈಯಲ್ಲಿ ಸೌಟು ಹಿಡಿದೇ ಬಂದರು. “ಏನಾಯ್ತು?”

“ಆ ಮಗ ಉಸುರು ತಕ್ಕಳಾದ ಕೇಳು. ಅಲ್ಪಪ್ರಾಣ, ಮಹಾಪ್ರಾಣ, ಎಲ್ಲ ಅಚ್ಕಟ್ಟು. ಎಲ್ಲಿ ನಿಲ್ಲುಸ್ಬೇಕೋ ಅಲ್ಲೇ ನಿಲ್ಲುಸ್ತಾಳೆ.”

ದನಿ ತನ್ನ ಹೆಸರು ಇಂಚರ ಎಂದು ಹೇಳಿತು. ಡೈರಿಯಲ್ಲಿ ಮೊದಲ ಬಾರಿಗೆ ಹತ್ತಕ್ಕೆ ಹತ್ತು ಬಿತ್ತು.

ಅಂದಿನಿಂದ ನಾರ್ವೆಯ ಮುದುಕ, ಸಿಂಗಪುರದವರು ಎಲ್ಲ ಹಿಂದೆ ಬಿದ್ದರು. ಎರಡನೆಯ ದಿನವೇ ಇಂಚರ ‘ತೆರಕಣಾಂಬಿ’ಯನ್ನು ‘ತೆರೆಕನಂಬಿ’ ಎಂದಳು. ಶಾಂತರಾಜು ನೊಂದರು, ಆದರೆ ಬಿಡಲಿಲ್ಲ. ಸ್ಟೇಷನ್ನಿನ ವಾಟ್ಸ್ಆ್ಯಪ್ ನಂಬರಿಗೆ ಒಂದು ಪತ್ರ ಬರೆದರು: “ಮಾನ್ಯ ಇಂಚರ ಅವರಿಗೆ, ಗುಂಡ್ಲುಪೇಟೆಯಿಂದ ಶಾಂತರಾಜು, ನಿವೃತ್ತ ಸಂಚಾರ ನಿಯಂತ್ರಕರು, ಮಾಡುವ ವಿನಂತಿ.” ಮಾರನೆಯ ದಿನ ಬೆಳಗ್ಗೆ ಆ ಹುಡುಗಿ ತೆರಕಣಾಂಬಿಯನ್ನು ತೆರಕಣಾಂಬಿ ಎಂದೇ ಹೇಳಿದಳು. ‘ತಿದ್ದಿದ್ದಕ್ಕೆ ಧನ್ಯವಾದ ಸರ್’ ಎಂಬ ಉತ್ತರವೂ ಬಂತು. ಹೇಳಿದ್ದನ್ನು ಕೇಳುವ ಒಂದು ಮಗು ಈ ಕಾಲದಲ್ಲೂ ಇದೆ ಎಂದು ಶಾಂತರಾಜು ಊರೆಲ್ಲ ಹೇಳಿಕೊಂಡು ಬಂದರು. ಆಮೇಲೆ ‘ಉಡಿಗಾಲ’ವನ್ನು ಎರಡು ತುಂಡು ಮಾಡಿ ಹೇಳಬಾರದು ಎಂದು ತಿದ್ದಿದರು. ‘ಹಂಗಳ’ದ ಹಕಾರಕ್ಕೆ ಒತ್ತು ಕಡಿಮೆಯಾಯಿತು ಎಂದು ತಿದ್ದಿದರು. ಸೆಪ್ಟೆಂಬರ್ ಹೊತ್ತಿಗೆ ನಲವತ್ತಕ್ಕೂ ಹೆಚ್ಚು ತಿದ್ದುಪಡಿ ಕಳಿಸಿದ್ದರು. ಒಂದನ್ನೂ ಅವಳು ಕಡೆಗಣಿಸಲಿಲ್ಲ. ‘ಸೋ ಗಾಯ್ಸ್’ ಹುಡುಗನ ಸ್ಟೇಷನ್ನಿಗೂ ಒಂದು ಪತ್ರ ಹೋಯಿತು: ತಂಬೆಲರಿನ ಇಂಚರ ಅವರನ್ನು ಕೇಳಿ ಕಲಿಯತಕ್ಕದ್ದು. ಅಲ್ಲಿಂದ ‘ಓಕೆ ಅಂಕಲ್’ ಎಂದು ಉತ್ತರ ಬಂತು.

ಖುಷಿಯ ಜೊತೆಗೆ ಒಂದು ಸಂಕಟವೂ ಶುರುವಾಗಿತ್ತು. ಶಾಂತರಾಜು ಬೆಳಗ್ಗೆ ಐದೂವರೆಗೆ ಹಾಕಿದಾಗಲೂ ಇಂಚರಳೇ ಇರುತ್ತಿದ್ದಳು. ಮಧ್ಯಾಹ್ನ ಊಟ ಮಾಡುವಾಗಲೂ ಅವಳೇ, ಸಂಜೆ ಬೆಟ್ಟಯ್ಯ ಬಂದಾಗಲೂ ಅವಳೇ. ಭಾನುವಾರ ಇದ್ದಳು, ಗೌರಿಹಬ್ಬಕ್ಕೂ ಇದ್ದಳು. ಶಾಂತರಾಜು ನೌಕರರ ಸಂಘದಲ್ಲಿ ಎಂಟು ವರ್ಷ ಜಂಟಿ ಕಾರ್ಯದರ್ಶಿಯಾಗಿದ್ದವರು. ಡ್ಯೂಟಿ ಚಾರ್ಟ್ ಎಂದರೆ ಏನು ಎಂದು ಬಲ್ಲವರು.

“ಆ ಮಗಿಗೆ ವಾರದ್ ರಜಾನೂ ಇಲ್ಲ ಕಣ್ಲಾ,” ಎಂದು ಬೆಟ್ಟಯ್ಯನ ಮುಂದೆ ಹೇಳಿಕೊಂಡರು. “ದಿವ್ಸುಕ್ಕೆ ಹದ್ನಾರ್ ಗಂಟೆ ಡ್ಯೂಟಿ. ಯಾವಾಗ್ ಉಣ್ತದೆ, ಯಾವಾಗ್ ಮನೀಕತದೆ?”

“ಎಣ್ಮಗ ಅಂತ ಗೇಯುಸ್ಕತಾವ್ರೆ,” ಅಂದ ಬೆಟ್ಟಯ್ಯ. ಅವನಿಗೂ ಪಾಪ ಅನ್ನಿಸಿತು.

ಸ್ಟೇಷನ್ ಮ್ಯಾನೇಜರನ್ನು ಖುದ್ದಾಗಿ ಕಂಡು ಮಾತಾಡುವುದೇ ಸರಿ ಎಂದು ತೀರ್ಮಾನವಾಯಿತು. ದುಬೈಯೋ ಅಮೆರಿಕವೋ ಆಗಿದ್ದರೆ ಏನು ಮಾಡುವುದು ಎಂಬ ಅಳುಕಿನಿಂದಲೇ ಆ್ಯಪಿನಲ್ಲಿ ವಿಳಾಸ ಹುಡುಕಿದರೆ, ಚಾಮರಾಜನಗರ ಎಂದಿತ್ತು. ನಾರ್ವೆಯವರೆಗೆ ಹೋಗಿ ಬಂದ ಮನುಷ್ಯನಿಗೆ ಬೇಕಾದ ರೇಡಿಯೋ ಇದ್ದದ್ದು ಒಂದು ಗಂಟೆಯ ಬಸ್ಸಿನ ದೂರದಲ್ಲಿ. ಗಂಗಾಂಬಿಕೆ ಹುಡುಗಿಗೆಂದು ಕೋಡುಬಳೆ ಕರಿದು ಡಬ್ಬಿಗೆ ತುಂಬಿಕೊಟ್ಟರು. “ಉಣ್ಣೋಕೂ ಪುರ್ಸೊತ್ತಿಲ್ದೋಳಿಗೆ ಇದಾದ್ರೂ ಕೈಗೆ ಸಿಕ್ಲಿ. ಖಾರ ಕಮ್ಮಿ ಆಕಿವ್ನಿ, ಗಂಟ್ಲು ಎಲ್ಲಾರೂ ಕಟ್ಬುಟ್ಟಾತು.”

ತಂಬೆಲರು ರೇಡಿಯೋ ಒಂದು ಫ್ಲೆಕ್ಸ್ ಅಂಗಡಿಯ ಮಹಡಿಯ ಮೇಲಿತ್ತು. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ ಒಂದೇ ಕೋಣೆ. ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್, ಟವಲು ಹೊದಿಸಿದ ಒಂದು ಮೈಕು. ಕುರ್ಚಿಯಲ್ಲಿ ಮೂವತ್ತೈದರ ಆಸುಪಾಸಿನ ಒಬ್ಬನೇ ಕೂತು ಚಿತ್ರಾನ್ನ ತಿನ್ನುತ್ತಿದ್ದ. ಹೆಸರು ಸೋಮೇಶ್, ರೇಡಿಯೋದ ಮಾಲೀಕ, ಮ್ಯಾನೇಜರ್ ಎಲ್ಲ ಅವನೇ. ಶಾಂತರಾಜು ಹೆಸರು ಹೇಳಿದ ಕೂಡಲೇ ಎದ್ದು ನಿಂತು ಕೈ ತೊಳೆದ.

“ಗುಂಡ್ಲುಪೇಟೆ ಶಾಂತರಾಜು ಸಾರಾ? ಬನ್ನಿ ಬನ್ನಿ, ಕೂತ್ಕೊಳಿ ಸಾರ್.”

ಶಾಂತರಾಜು ಕೂರಲಿಲ್ಲ. “ಇಂಚರ ಅವರು ಇದ್ದಾರೆಯೇ?” ಎಂದು ಮೈಕಿನ ಕನ್ನಡದಲ್ಲಿ ಕೇಳಿದರು.

ಸೋಮೇಶ್ ನಕ್ಕ. ತಮಾಷೆ ಎಂದುಕೊಂಡ.

“ಒಳಗೆ ಇರುವುದಾದರೆ ಅವರ ಎದುರಿಗೇ ಹೇಳುತ್ತೇನೆ. ದಿನಕ್ಕೆ ಹದಿನಾರು ಗಂಟೆ ದುಡಿಸಿಕೊಳ್ಳುವುದು ಯಾವ ನಿಯಮದಲ್ಲಿ ಇದೆ? ವಾರಕ್ಕೊಂದು ದಿನ ರಜೆ, ಎಂಟು ಗಂಟೆಯ ಪಾಳಿ, ಮಧ್ಯೆ ಊಟದ ವಿರಾಮ. ಇದು ದಾನವಲ್ಲ, ದುಡಿಯುವವರ ಹಕ್ಕು. ನೀವು ವಿದ್ಯಾವಂತರು.” ಬಸ್ಸಿನಲ್ಲಿ ಮನಸ್ಸಿನಲ್ಲೇ ಕಲಿತುಕೊಂಡು ಬಂದಿದ್ದ ಮಾತನ್ನು ಅವರು ಒಂದೂ ಬಿಡದೆ ಹೇಳಿದರು.

ಸೋಮೇಶನ ನಗು ನಿಂತಿತು. ಇವರು ನಿಜವಾಗಿಯೇ ಹೇಳುತ್ತಿದ್ದಾರೆ ಎಂದು ಗೊತ್ತಾಯಿತು. ಬಾಯಲ್ಲಿ ಹೇಳುವ ಧೈರ್ಯ ಸಾಲದೆ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿ, ಒಂದು ಸಾಲು ಟೈಪ್ ಮಾಡಿ, ಗುಂಡಿ ಒತ್ತಿದ.

“ನಮಸ್ಕಾರ ಶಾಂತರಾಜು ಅವರೇ,” ಅಂದಳು ಇಂಚರ. “ತಂಬೆಲರು ರೇಡಿಯೋಗೆ ಸ್ವಾಗತ. ನನಗೆ ರಜೆ ಬೇಕಾಗಿಲ್ಲ.”

ಶಾಂತರಾಜು ಬಾಗಿಲ ಕಡೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ. ಲ್ಯಾಪ್‌ಟಾಪ್ ನೋಡಿದರು. ಆಮೇಲೆ ಕುರ್ಚಿಯಲ್ಲಿ ಕೂತರು.

“ಕಂಪ್ಯೂಟರ್ ಸಾರ್,” ಅಂದ ಸೋಮೇಶ್ ಮೆಲ್ಲಗೆ. “ಆ್ಯಪಲ್ಲೇ ಬರ್ದಿದೀನಿ, ಕೆಳಗೆ ಸಣ್ಣಕ್ಷರದಲ್ಲಿ. ಸಂಬಳ ಕೊಟ್ಟು ಒಬ್ರನ್ನ ಇಟ್ಕೊಳೋ ಶಕ್ತಿ ನಂಗಿಲ್ಲ.”

“ಉಸುರು?” ಶಾಂತರಾಜು ಅವರ ಮೈಕಿನ ಕನ್ನಡ ಅಲ್ಲಿಗೆ ಬಿಟ್ಟುಹೋಗಿತ್ತು. “ಉಸುರು ತಕ್ಕತಳಲ್ಲಪ್ಪ ಆ ಮಗ. ನಾನೇ ಕೇಳಿವ್ನಿ.”

“ಅದೂ ಮಷಿನ್ನೇ ಹಾಕ್ತದೆ ಸಾರ್. ಜಾಸ್ತಿ ಬೇಕಾದ್ರೆ ಜಾಸ್ತಿ, ಕಮ್ಮಿ ಬೇಕಾದ್ರೆ ಕಮ್ಮಿ.” ಪರದೆಯ ಮೇಲೆ ಒಂದು ಗೆರೆಯನ್ನು ಎಳೆದು ತೋರಿಸಿದ. ಇಂಚರ ಒಮ್ಮೆ ಏದುಸಿರು ಬಿಟ್ಟು ನಮಸ್ಕಾರ ಎಂದಳು, ಇನ್ನೊಮ್ಮೆ ಉಸಿರೇ ಇಲ್ಲದೆ ಎಂದಳು.

ಆಮೇಲೆ ಅವನು ಇನ್ನೊಂದು ಹಾಳೆ ತೆರೆದ. ಶಾಂತರಾಜು ಕಳಿಸಿದ ತಿದ್ದುಪಡಿಗಳೆಲ್ಲ ಅಲ್ಲಿ ಸಾಲಾಗಿದ್ದವು. ಒಂದೊಂದು ಪತ್ರ ಬಂದಾಗಲೂ ಸೋಮೇಶ್ ಆ ಹೆಸರನ್ನು ಬೇರೆ ಬೇರೆ ಕಾಗುಣಿತದಲ್ಲಿ ಬರೆದು, ಮಷಿನ್ನಿನ ಬಾಯಲ್ಲಿ ಸರಿಯಾಗಿ ಹೊರಡುವವರೆಗೆ ಕೂತಿದ್ದನಂತೆ. “ಶುರುನಲ್ಲಿ ನಮ್ ಜಿಲ್ಲೇಲಿ ಒಂದೂರ್ ಹೆಸರೂ ಅದಕ್ಕೆ ನೆಟ್ಟಗೆ ಬರ್ತಿರ್ಲಿಲ್ಲ ಸಾರ್. ಈಗ ಅದು ಹೇಳೋದೆಲ್ಲ ನೀವ್ ಹೇಳ್ಕೊಟ್ಟಿದ್ದೇ.”

ಬಸ್ ಸ್ಟ್ಯಾಂಡಿನಲ್ಲಿ ತನ್ನ ಜಾಗಕ್ಕೆ ಬಂದು ಕೂತ ಯಂತ್ರದ ಜಾತಿಯದನ್ನೇ ತಾನು ಮೂರು ತಿಂಗಳು ಕೂರಿಸಿಕೊಂಡು ಪಾಠ ಹೇಳಿದೆ ಎಂದು ಶಾಂತರಾಜು ಅವರಿಗೆ ಆಗ ತಿಳಿಯಿತು. ಅವಮಾನವಾಯಿತು. ಅದರ ಹಿಂದೆಯೇ, ಪಾಠ ಚೆನ್ನಾಗಿ ಹತ್ತಿದೆ ಎಂಬ ಒಂದು ಹೆಮ್ಮೆಯೂ ಬಂತು. ಎರಡರಲ್ಲಿ ಯಾವುದನ್ನು ಮುಖದ ಮೇಲೆ ತರಬೇಕು ಎಂದು ಗೊತ್ತಾಗದೆ ಕೋಡುಬಳೆಯ ಡಬ್ಬಿ ಮೇಜಿನ ಮೇಲಿಟ್ಟರು. “ಆ ಮಗಿಗೆ ಅಂತ ಕೊಟ್ಕಳ್ಸಿದ್ರು.” ಸೋಮೇಶ್ ಆ ಮಗುವಿನ ಪರವಾಗಿ ನಾಲ್ಕು ತಿಂದ.

ಅವರು ಹೊರಡುವಾಗ ಅವನು ಮೈಕಿನ ಮೇಲಿನ ಟವಲು ತೆಗೆದ. “ಇದನ್ನ ತಂದಾಗ ನಾನೇ ಮಾತಾಡ್ಬೇಕು ಅಂತಿದ್ದೆ ಸಾರ್. ನನ್ ಮಾತ ನಮ್ಮಮ್ಮನೇ ಐದ್ ನಿಮಿಷ ಕೇಳ್ನಿಲ್ಲ. ನೀವು ವಾರಕ್ಕೊಂದ್ ದಿನ ಬಂದು ಒಂದ್ ಗಂಟೆ ಮಾತಾಡ್ತೀರಾ?”

ಯೋಚಿಸಿ ಹೇಳುತ್ತೇನೆ ಎಂದು ಶಾಂತರಾಜು ಮೆಟ್ಟಿಲಿಳಿದರು. ಕೊನೆಯ ಮೆಟ್ಟಿಲಿನಲ್ಲಿ ಯೋಚನೆ ಮುಗಿದಿತ್ತು. ಗೌರವಕ್ಕೆಂದು ಎರಡು ದಿನ ಬಿಟ್ಟು ಒಪ್ಪಿಗೆ ಕಳಿಸಿದರು.

ಮನೆಯಲ್ಲಿ ಗಂಗಾಂಬಿಕೆ, “ಏನಂದ್ಲು ಮಗ? ಸಿಕ್ಕಿದ್ಲಾ?” ಎಂದು ಕೇಳಿದಾಗ, “ರಜ ಕೊಟ್ಟವ್ರೆ, ಊರ್ಗೋಗವ್ಳೆ” ಎಂದುಬಿಟ್ಟರು. ಆ ಸುಳ್ಳು ಮೂರು ದಿನ ನಿಂತಿತು. ರಜೆಯ ಮೇಲೆ ಹೋದವಳು ರೇಡಿಯೋದಲ್ಲಿ ಮಾತಾಡುತ್ತಲೇ ಇದ್ದಳಲ್ಲ. ಗಂಗಾಂಬಿಕೆ ಅಳಿಯನಿಗೆ ಫೋನ್ ಮಾಡಿ ವಿಚಾರಿಸಿದರು. ಸುನೀಲ್ ಕುಮಾರ್ ಆ ಸಣ್ಣಕ್ಷರವನ್ನು ಓದಿ ಹೇಳಿದ. ಗಂಗಾಂಬಿಕೆ ನಗುತ್ತಾ ಒಲೆಯ ಕಟ್ಟೆ ಹಿಡಿದುಕೊಂಡು ಕೂತರು. ಸಂಜೆ ಬಂದ ಬೆಟ್ಟಯ್ಯನಿಗೂ ಸುದ್ದಿ ಸಿಕ್ಕಿತು. ಮುಂದೆ ಹದಿನೈದು ದಿನ ಅವನು ಮನೆಯೊಳಗೆ ಕಾಲಿಡುವ ಮೊದಲು ಬಾಗಿಲಲ್ಲಿ ನಿಂತು ಜೋರಾಗಿ ಉಸಿರೆಳೆದು, “ಎಂಗದ್ಲಾ ಉಸುರು? ಅಚ್ಕಟ್ಟಾ?” ಎಂದು ಕೇಳುತ್ತಿದ್ದ. ಅದಕ್ಕೇ ಶಾಂತರಾಜು ತಾನು ರೇಡಿಯೋದಲ್ಲಿ ಮಾತಾಡಲಿರುವುದನ್ನು ಅವನಿಗೆ ಹೇಳಲಿಲ್ಲ.

ಅವರ ಕಾರ್ಯಕ್ರಮ ಮಂಗಳವಾರ ಬೆಳಗ್ಗೆ ಏಳರಿಂದ ಎಂಟು ಎಂದು ನಿಗದಿಯಾಯಿತು. ಮೊದಲ ಬಸ್ಸಿಗೆ ಹೋಗಿ, ಮೊಟ್ಟೆ ಟ್ರೇಗಳ ನಡುವೆ ಬೆನ್ನು ನೆಟ್ಟಗೆ ಮಾಡಿ ಕೂತು, ಶಾಂತರಾಜು ಗುಂಡಿ ಒತ್ತಿದರು. “ಶ್ರೋತೃಗಳ ಗಮನಕ್ಕೆ.” ಜಿಲ್ಲೆಯ ಸುದ್ದಿ, ಹವಾಮಾನ, ರಸ್ತೆಗಳ ಪರಿಸ್ಥಿತಿ, ಒಂದು ಒಳ್ಳೆಯ ಮಾತು. ನಾಲ್ಕು ದಿನ ಕೂತು ಬರೆದು ತಂದಿದ್ದರು. ಒಂದು ಗಂಟೆಯಲ್ಲಿ ಒಮ್ಮೆ ತೊದಲಲಿಲ್ಲ, ಒಂದಕ್ಷರ ನುಂಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅಷ್ಟು ಚೆನ್ನಾಗಿ ತಾವು ಮಾತಾಡಿರಲಿಲ್ಲ ಎಂದು ಅವರಿಗೇ ಅನ್ನಿಸಿತು. ಎರಡನೆಯ ಮಂಗಳವಾರ ಇನ್ನೂ ಚೆನ್ನಾಗಿ ಬಂತು.

“ಜನ ಏನಂತಾರೆ?” ಎಂದು ಸೋಮೇಶನನ್ನು ಕೇಳಿದರು.

ಅವನು ಫೋನನ್ನು ಜೇಬಿಗೆ ಹಾಕಿಕೊಳ್ಳಲು ನೋಡಿದ. ಬಿಡದಿದ್ದಾಗ ಕೊಟ್ಟ. ಕೇಳುಗರಿಂದ ಐದು ಸಂದೇಶ ಬಂದಿತ್ತು. ‘ಮಂಗಳವಾರದ ಹೊಸ ಗಂಡು ದನಿ ಇಂಚರಳ ಹಾಗೆ ಸಹಜವಾಗಿಲ್ಲ. ಇದು ಯಾವ ಸಾಫ್ಟ್‌ವೇರ್?’ ಎಂದು ಒಬ್ಬರು ಕೇಳಿದ್ದರು. ‘ಹಳೇ ವರ್ಷನ್ ಅನ್ಸುತ್ತೆ, ಅಪ್‌ಡೇಟ್ ಮಾಡಿ’ ಎಂದು ಇನ್ನೊಬ್ಬರು. ‘ಬಸ್ ಸ್ಟ್ಯಾಂಡಿನ ರೆಕಾರ್ಡಿಂಗ್ ಕೇಳಿದಂತಿದೆ. ಇಂಚರ ಅವರೇ ಮನುಷ್ಯರ ಹಾಗೆ ಮಾತಾಡ್ತಾರೆ, ಅವರೇ ಇರಲಿ’ ಎಂದು ಮೂರನೆಯವರು. ಉಳಿದ ಎರಡರಲ್ಲಿ ಇದ್ದದ್ದೂ ಅದೇ. ಶಾಂತರಾಜು ಓದಿ ಫೋನ್ ವಾಪಸ್ ಕೊಟ್ಟರು. ಬಸ್ಸಿನಲ್ಲಿ ಕಂಡಕ್ಟರ್ ಎಲ್ಲಿಗೆ ಎಂದು ಎರಡು ಸಲ ಕೇಳಬೇಕಾಯಿತು.

ಮೂರನೆಯ ಮಂಗಳವಾರ ಅವರು ಹೋಗುವುದೇ ಬೇಡ ಎಂದಿದ್ದರು. ಆದರೆ ಡ್ಯೂಟಿ ತಪ್ಪಿಸಿ ಗೊತ್ತಿಲ್ಲದ ಮನುಷ್ಯ, ಹೋದರು. ಏಳೂ ಕಾಲಾಗಿತ್ತು. ಬೆಟ್ಟದ ತಪ್ಪಲಿನ ಹವಾಮಾನ ಓದುತ್ತಿದ್ದರು. ಮೇಜಿನ ಮೇಲಿದ್ದ ಅವರ ಫೋನು ಬಡಿದುಕೊಂಡಿತು. ಬಸ್ ಸ್ಟ್ಯಾಂಡಿಗೆ ವಿಚಾರಣೆಯ ಫೋನು ಬಂದರೆ ಮೂರನೆಯ ರಿಂಗಿಗೆ ಎತ್ತಲೇಬೇಕು ಎಂಬುದು ಇಪ್ಪತ್ತಾರು ವರ್ಷದ ಅಭ್ಯಾಸ. ಕೈ ತಾನಾಗಿಯೇ ಹೋಗಿ ಎತ್ತಿತು. ಎತ್ತಿದ ಅವಸರದಲ್ಲಿ ಬೆರಳು ಎಲ್ಲೋ ತಾಗಿ ಫೋನಿನ ಸ್ಪೀಕರ್ ಆನ್ ಆಯಿತು. ಎದುರಿನ ಮೈಕು ಆನ್ ಇತ್ತು.

“ಲೋ ಸಾಂತಾ!” ಬೆಟ್ಟಯ್ಯನ ದನಿ ಕೋಣೆಯಲ್ಲೆಲ್ಲ ತುಂಬಿತು. “ನಿನ್ ರೇಡಿಯೋ ಎಂಗದೆ ನೋಡನ ಅಂತ ಮೊಮ್ಮಗುನ್ ಫೋನಲ್ಲಿ ಆಕುದ್ನಪ್ಪ. ಯಾವ್ದೋ ಮಿಸನ್ನು ನಿನ್ನೆಸ್ರೇಳ್ಕಂಡು ಮಾತಾಡ್ತಾ ಅದೆ ಕಣ್ಲಾ! ನಿನ್ ದನೀನೇ ಕದ್ಬುಟ್ಟವ್ರೆ. ಬಾ ಓಗನ, ಪೊಲೀಸ್ಗೆ ಕಂಪ್ಲೇಂಟ್ ಕೊಡನ.”

“ಲೇ, ಅದು ನಾನೇ ಕಣ್ಲಾ!”

“ನೀನೆಂಗ್ಲಾ ಆದೀಯೆ? ನೀನಿಲ್ಲಿ ನನ್ ಜೊತೆ ಮಾತಾಡ್ತಾ ಇದ್ದೀಯೆ, ಅದು ಅಲ್ಲಿ ಅದ್ರ ಪಾಡ್ಗೆ ಮೋಡ, ಮಳೆ ಅಂತಾನೇ ಅದೆ!”

“ಅದು ಅರ್ಧ ನಿಮಿಷ ತಡ್ವಾಗಿ ಬತ್ತದೆ ಕಣ್ಲಾ ಬಡ್ಡೆತ್ತದೆ! ಇಂಟರ್ನೆಟ್ಟು!”

“ಬಸ್ಸೂ ತಡ, ರೇಡಿಯೋನೂ ತಡ್ವಾ ನಿಂದು? ನೀನೇ ಆದ್ರೆ ಯಾಕ್ಲಾ ಅಂಗ್ ಮಾತಾಡೀಯೆ, ಸತ್ತೋರ್ ಮನೇಲಿ ಲೆಟ್ರು ಓದ್ದಂಗೆ? ನೆಟ್ಗೆ ಮಾತಾಡು.” ಅಷ್ಟರಲ್ಲಿ ಅವನ ಪಕ್ಕದಲ್ಲಿದ್ದ ಆ ಇನ್ನೊಂದು ಫೋನಿನಿಂದ ‘ಲೋ ಸಾಂತಾ’ ಎಂಬ ಕೂಗು ಕೇಳಿತು. ಬೆಟ್ಟಯ್ಯ ಕಿರುಚಿಕೊಂಡ. “ಅಯ್ಯಯ್ಯೋ! ನನ್ ದನೀನೂ ಕದ್ಬುಟ್ರು ಕಣ್ಲಾ!”

ಸೋಮೇಶ್ ಮೇಜಿನ ಕೆಳಗೆ ತಲೆ ಬಗ್ಗಿಸಿ ನಗುತ್ತಿದ್ದ. ಮೈಕು ಆಫ್ ಮಾಡಲು ಅವನಿಂದಾಗಲಿಲ್ಲ. ಶಾಂತರಾಜು ಹಾಳೆಗಳನ್ನು ಜೋಡಿಸಿ ಮತ್ತೆ ಓದಲು ನೋಡಿದರು, ಎಲ್ಲಿ ನಿಲ್ಲಿಸಿದ್ದೆ ಎಂದು ಸಿಗಲಿಲ್ಲ.

ಮೈಕಿನ ಮುಂದೆ ‘ಬಡ್ಡೆತ್ತದೆ’ ಅಂದೆನಲ್ಲ ಎಂದು ಅವರು ಎರಡು ದಿನ ಮನೆಯಿಂದ ಹೊರಗೆ ಬರಲಿಲ್ಲ. ಮೂರನೆಯ ದಿನ ಸೋಮೇಶ್ ಫೋನ್ ಮಾಡಿದ. ಮೂವತ್ತೆಂಟು ಸಂದೇಶ ಬಂದಿದೆ, ತಂಬೆಲರಿಗೆ ಇಷ್ಟೊಂದು ಯಾವತ್ತೂ ಬಂದಿಲ್ಲ ಎಂದ. ಆ ಇಬ್ಬರು ಅಜ್ಜಂದಿರು ಯಾರು, ವಾರ ವಾರ ಬರಲಿ, ಜಗಳ ಆಡುತ್ತಿರಲಿ ಎಂದು ಜನ ಕೇಳಿದ್ದರು.

“ನಾನ್ ಬರೆದ ಲೇಖನದ ಬಗ್ಗೆ ಏನಾರಾ ಅಂದವ್ರಾ?”

“ಒಬ್ರು ಅಂದಿದಾರೆ ಸಾರ್. ಅದಿಲ್ದಿದ್ರೂ ಪರವಾಗಿಲ್ವಂತೆ.”

ಈಗ ಮಂಗಳವಾರದ ಕಾರ್ಯಕ್ರಮ ಹೀಗೆ ನಡೆಯುತ್ತದೆ. ಮೊದಲ ಐದು ನಿಮಿಷ ಶಾಂತರಾಜು ಅವರ ಲಿಖಿತ ಭಾಷಣ. ಅದನ್ನು ಅವರು ಹಟ ಹಿಡಿದು ಉಳಿಸಿಕೊಂಡಿದ್ದಾರೆ. ಆಮೇಲೆ ಬೆಟ್ಟಯ್ಯನ ಫೋನು. ಬಂಡೀಪುರದ ದಾರಿಯಲ್ಲಿ ಬಸ್ಸಿಗೆ ಅಡ್ಡ ನಿಂತ ಆನೆ, ಬತ್ತೇರಿಯ ಹೋಟೆಲಿನಲ್ಲಿ ಪುಟ್ಟು ಎಂಬ ತಿಂಡಿಯ ಹೆಸರು ಕೂಗಿದರೆ ಯಾರನ್ನೋ ಕರೆಯುತ್ತಿದ್ದಾರೆ ಎಂದುಕೊಂಡ ಕಥೆ ಎಲ್ಲ ಅವನ ಹತ್ತಿರ ಇದೆ. ಶಾಂತರಾಜು ಅವನ ತಾರೀಕು, ರೂಟು, ಉಚ್ಚಾರಣೆ ತಿದ್ದುತ್ತಾರೆ. ಹೇಳಿದ ಕೂಡಲೇ ಇಂಚರ ತಿದ್ದಿಕೊಳ್ಳುತ್ತಿದ್ದಳು. ಬೆಟ್ಟಯ್ಯ ಇಲ್ಲಿಯವರೆಗೆ ಒಂದನ್ನೂ ತಿದ್ದಿಕೊಂಡಿಲ್ಲ. ಬೀದಿಯಲ್ಲಿ ಜನ ನಿಲ್ಲಿಸಿ ಮಾತಾಡಿಸುವುದು ಅವನನ್ನೇ. ಶಾಂತರಾಜು ಅವರನ್ನು ಕಂಡರೆ, “ನೀವು ಬೆಟ್ಟಯ್ಯನವರ ಜೊತೆ ಮಾತಾಡೋರಲ್ವಾ?” ಎನ್ನುತ್ತಾರೆ.

ಇತ್ತ ಮನೆಯಲ್ಲಿ ಮಂಗಳವಾರ ಬೆಳಗ್ಗೆ ಐದರಿಂದ ಹತ್ತರವರೆಗೆ ಸ್ಪೀಕರು ಪುರುಸೊತ್ತಾಗಿರುತ್ತದೆ. ಗಂಡನ ಕಾರ್ಯಕ್ರಮ ಕೇಳಲೆಂದೇ ಗಂಗಾಂಬಿಕೆ ಪುಟ್ಟಿಯಿಂದ ತಮ್ಮ ಫೋನಿಗೂ ಆ್ಯಪ್ ಹಾಕಿಸಿಕೊಂಡಿದ್ದರು. ಮೊದಲ ವಾರ ಬೆರಳು ಜಾರಿ ಬೇರೆಲ್ಲೋ ಹೋಯಿತು. ಅದು ಸಮುದ್ರದಾಚೆಯ ಯಾವುದೋ ಊರಿನ ತಮಿಳು ಸ್ಟೇಷನ್ನು. ಗಂಗಾಂಬಿಕೆಯವರ ತವರು ತಮಿಳುನಾಡಿಗೆ ಸೇರಿದ ತಾಳವಾಡಿ ಕಡೆ, ತಮಿಳು ನೀರು ಕುಡಿದಷ್ಟು ಸುಲಭ. ಅಲ್ಲಿ ಒಬ್ಬ ಹೆಂಗಸು ತೀರಿಕೊಂಡವರ ಹೆಸರು ಓದುತ್ತಿದ್ದಳು. ಇಂಥ ಊರಿನವರು, ಇಂಥವರ ಹೆಂಡತಿ, ಇಂತಿಷ್ಟು ಮಕ್ಕಳ ತಾಯಿ, ಮಣ್ಣು ಮಾಡುವುದು ಇಷ್ಟು ಹೊತ್ತಿಗೆ. ಗಂಗಾಂಬಿಕೆ ಅವರೆಕಾಯಿ ಬಿಡಿಸುವುದನ್ನು ನಿಲ್ಲಿಸಿ ಕೇಳಿದರು. ಮುಂದಿನ ವಾರ ಬೆರಳು ಜಾರಬೇಕಾಗಲಿಲ್ಲ.

ಮೊನ್ನೆ ಮಂಗಳವಾರ ಶಾಂತರಾಜು ಹತ್ತು ಗಂಟೆಗೆ ಬಂದಾಗ ಗಂಗಾಂಬಿಕೆ ಸ್ಪೀಕರಿನ ಮುಂದೆ ಮಣೆ ಹಾಕಿಕೊಂಡು ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ತಮ್ಮ ಮಾತು ಅಷ್ಟು ಮನಸ್ಸಿಗೆ ತಟ್ಟಿದೆ ಎಂದುಕೊಂಡು ಶಾಂತರಾಜು ಚಪ್ಪಲಿ ಬಿಡುತ್ತಲೇ ಕೇಳಿದರು.

“ಎಂಗಿತ್ತು ಇವತ್ತು? ಆ ಮೊದಲನೇ ಭಾಗ?”

ಗಂಗಾಂಬಿಕೆ ಸ್ಪೀಕರಿನ ತಮಿಳು ದನಿಯ ಕಡೆಗೇ ಕಿವಿಯಿಟ್ಟು, ಒಂದು ಕೈ ಎತ್ತಿ ಅವರನ್ನು ತಡೆದರು.

“ಸುಮ್ನಿರಿ ಒಸಿ. ಇನ್ನೂ ಇಬ್ರವ್ರೆ.”